ಮಗುವಿಗೆ ಓಟಿ: ಸೆಂಟರಾ, ಸರ್ಕಾರಿ ಆಸ್ಪತ್ರೆಯಾ, ಮನೆಯಾ, ಆನ್‌ಲೈನಾ?

"ನಾಳೆ ಪುಟ್ಟನ್ನ ಓಟಿಗೆ ಕರ್ಕೊಂಡು ಹೋಗ್ಬೇಕು" ಎಂದು ಫೋನಿನಲ್ಲಿ ಹೇಳಿದ್ದಷ್ಟೇ. ನಮ್ಮತ್ತೆ ರಾತ್ರಿ ಬಸ್ಸಿಗೇ ಹೊರಟು ನಿಂತಿದ್ದರು. ಅವರಿಗೆ ಓಟಿ ಎಂದರೆ ಆಪರೇಷನ್ ಥಿಯೇಟರ್. ಮೊಮ್ಮಗನಿಗೆ ಯಾವ ಆಪರೇಷನ್ನು, ನಮಗ್ಯಾಕೆ ಹೇಳಲಿಲ್ಲ ಎಂದು ಒಂದೇ ಸಮನೆ ಗಾಬರಿ. ಇದು ಆಕ್ಯುಪೇಷನಲ್ ಥೆರಪಿ ಅತ್ತೆ, ಅಲ್ಲಿ ಆಟ ಆಡಿಸ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆಟ ಆಡ್ಸೋಕೆ ದುಡ್ಡು ಕೊಡ್ತೀರಾ?"

ಆವತ್ತು ನಗು ಬಂತು. ಆಮೇಲೆ ನಾಲ್ಕು ವರ್ಷ ಮೂರು ಜಾಗ ಸುತ್ತಿದ ಮೇಲೆ ಗೊತ್ತಾಯಿತು, ಕೇಳಬೇಕಾದ ಪ್ರಶ್ನೆ ಅದೇ ಎಂದು. ದುಡ್ಡು ಯಾವ ಆಟಕ್ಕೆ ಕೊಡುತ್ತಿದ್ದೇವೆ? ಆ ಆಟ ಮನೆಗೆ ಬರುತ್ತದಾ, ಇಲ್ಲ ಸೆಂಟರಿನ ಬಾಗಿಲೊಳಗೇ ಉಳಿಯುತ್ತದಾ?

ಕನ್ನಡದಲ್ಲಿ ಇದಕ್ಕೆ 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆಯುತ್ತಾರೆ. ಮೂರು ವರ್ಷದ ಮಗುವಿಗೆ ಎಂಥ ಉದ್ಯೋಗ ಎನಿಸುತ್ತದೆ. ಮಗುವಿನ ಉದ್ಯೋಗ ಅಂದರೆ ಉಣ್ಣುವುದು, ಚಡ್ಡಿ ಹಾಕಿಕೊಳ್ಳುವುದು, ಚಪ್ಪಲಿ ಮೆಟ್ಟುವುದು, ಬಳಪ ಹಿಡಿಯುವುದು, ಬೇರೆ ಮಕ್ಕಳ ಜೊತೆ ಆಡುವುದು. ಇವುಗಳಲ್ಲಿ ಯಾವುದೋ ಒಂದು ಕಡೆ ಮಗು ಸಿಕ್ಕಿಹಾಕಿಕೊಂಡಿದ್ದರೆ ಅಲ್ಲಿ ದಾರಿ ಬಿಡಿಸುವುದು ಓಟಿಯವರ ಕೆಲಸ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವುದು), ಡೌನ್ ಸಿಂಡ್ರೋಮ್, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೂ, ತಿಂಗಳು ತುಂಬುವ ಮೊದಲೇ ಹುಟ್ಟಿ ಬೆಳವಣಿಗೆ ನಿಧಾನವಾದ ಮಕ್ಕಳಿಗೂ ವೈದ್ಯರು ಓಟಿ ಬರೆದುಕೊಡುತ್ತಾರೆ. ಸಣ್ಣ ಮಕ್ಕಳ ಓಟಿ ಹೆಚ್ಚುಕಡಿಮೆ ಎಲ್ಲವೂ ಆಟದಲ್ಲೇ ನಡೆಯುತ್ತದೆ. ಕೂರಿಸಿ ಹೇಳಿಕೊಡುವುದಕ್ಕೆ ಮಗು ಕೂರುವುದೇ ಇಲ್ಲವಲ್ಲ!

ಮೊದಲು ಒಂದು ಲೆಕ್ಕ

ಸಾಮಾನ್ಯವಾಗಿ ವಾರಕ್ಕೆ ಎರಡು ಸೆಷನ್ ಎನ್ನುತ್ತಾರೆ. ಒಂದೊಂದು 45 ನಿಮಿಷ. ಒಟ್ಟು ಒಂದೂವರೆ ಗಂಟೆ. ವಾರಕ್ಕಿರುವುದು 168 ಗಂಟೆ. ನಿದ್ದೆ ಕಳೆದರೂ ಮಿಕ್ಕಿದ ಹೊತ್ತೆಲ್ಲ ಮಗು ನಮ್ಮ ಕೈಯಲ್ಲಿ, ಅಜ್ಜಿಯ ಕೈಯಲ್ಲಿ, ಇಲ್ಲ ಅಂಗನವಾಡಿ ಟೀಚರ್ ಕೈಯಲ್ಲಿ ಇರುತ್ತದೆ. ಹಾಗಾಗಿ ನಾನು ಎಲ್ಲ ಜಾಗಗಳನ್ನೂ ಒಂದೇ ಅಳತೆಯಲ್ಲಿ ತೂಗುತ್ತೇನೆ. ಆ ಒಂದೂವರೆ ಗಂಟೆಯಿಂದ ಉಳಿದ ಹೊತ್ತಿಗೆ ಏನು ದಾಟಿ ಬರುತ್ತದೆ? ಗೋಡೆಯ ಮೇಲಿನ ಚಿತ್ರ, ಬಾಲ್ ಪೂಲ್, ಎಸಿ ಎಲ್ಲ ಆಮೇಲಿನ ಮಾತು.

ಖಾಸಗಿ ಸೆಂಟರ್

ಬಹಳ ಜನ ಶುರು ಮಾಡುವುದು ಇಲ್ಲಿಂದಲೇ. ನಾವೂ ಅಷ್ಟೇ. ಹತ್ತಿರ ಇರುತ್ತದೆ, ಬೇಗ ಸಮಯ ಸಿಗುತ್ತದೆ. ಓಟಿ, ಸ್ಪೀಚ್ ಥೆರಪಿಸ್ಟ್, ವಿಶೇಷ ಮಕ್ಕಳಿಗೆ ಪಾಠ ಹೇಳುವ ಸ್ಪೆಷಲ್ ಎಜುಕೇಟರ್ ಒಂದೇ ಸೂರಿನಡಿ ಸಿಗುತ್ತಾರೆ. ಮನೆಯಲ್ಲಿ ಇಡಲಾಗದ ಸಾಮಾನು ಇರುತ್ತದೆ: ಚಾವಣಿಗೆ ನೇತುಹಾಕಿದ ತೂಗುಯ್ಯಾಲೆ, ಹತ್ತುವ ಏಣಿ, ದೊಡ್ಡ ಚೆಂಡು, ದಪ್ಪ ಮ್ಯಾಟು.

ನಾವು ಮೊದಲು ಹೋದ ಕಡೆ ಎಲ್ಲವೂ ಇತ್ತು. ಬಾಗಿಲು ಮಾತ್ರ ಮುಚ್ಚಿರುತ್ತಿತ್ತು. ತಾಯಂದಿರು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕೂರಬೇಕು. ಒಳಗಿಂದ ಅಳು ಕೇಳಿದರೆ ಯಾರ ಮಗು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕು. ಮುಕ್ಕಾಲು ಗಂಟೆಯ ನಂತರ ಮಗು ಹೊರಗೆ ಬರುತ್ತಿತ್ತು, ಕೈಯಲ್ಲೊಂದು ನೋಟ್‌ಬುಕ್ಕು. ಅದರಲ್ಲಿ 'ಸ್ವಿಂಗ್, ಪೆಗ್ ಬೋರ್ಡ್, ಮಣಿ ಪೋಣಿಸುವುದು. ಇವತ್ತು ಸಹಕರಿಸಿದ' ಎಂದು ಒಂದು ಸಾಲು. ಐದು ತಿಂಗಳು ಅದೇ ಸಾಲು. ಅವನು ಮಣಿ ಪೋಣಿಸುವುದು ಕಲಿತ, ಸುಳ್ಳು ಹೇಳಬಾರದು. ಆದರೆ ನಮಗೆ ಬೇಕಿದ್ದದ್ದು ಅವನು ಕೈಯಿಂದ ಉಣ್ಣುವುದು. ಮೊಸರನ್ನ ಬೆರಳಿಗೆ ತಾಗಿದರೆ ಸಾಕು, ಬೆಂಕಿ ತಾಗಿದ ಹಾಗೆ ಕೈ ಕೊಡವುತ್ತಿದ್ದ. ಅದನ್ನು ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ತಪ್ಪು ಇಬ್ಬರದ್ದೂ.

ಹಾಗಂತ ಸೆಂಟರ್ ಬೇಡ ಎನ್ನುತ್ತಿಲ್ಲ. ನಮಗೆ ಕೊನೆಗೆ ಸರಿಹೋದವರೂ ಒಂದು ಸೆಂಟರಿನವರೇ. ಮೊದಲ ದಿನ ಆಕೆ ನೆಲದ ಮೇಲೆ ಕೂತು ಹತ್ತು ನಿಮಿಷ ಸುಮ್ನೆ ನೋಡಿದರು. ಇವನು ನಾನು ತಂದಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ಉರುಳಿಸುತ್ತಿದ್ದ. ಆಕೆಯೂ ಒಂದು ಮುಚ್ಚಳ ಉರುಳಿಸಿದರು. ಇವನು ತಿರುಗಿ ನೋಡಿದ. ಮತ್ತೆ ಉರುಳಿಸಿದರು. ನಾಲ್ಕನೇ ಸಲಕ್ಕೆ ಇವನೇ ಮುಚ್ಚಳವನ್ನು ಅವರ ಕಡೆ ತಳ್ಳಿದ. ಆಮೇಲೆ ಮುಚ್ಚಳದಲ್ಲಿ ಒಂದು ಹಿಡಿ ಅಕ್ಕಿ ಬಂತು. ಇನ್ನೊಂದು ವಾರಕ್ಕೆ ಒಣ ಅವಲಕ್ಕಿ, ಆಮೇಲೆ ನೀರು ಚಿಮುಕಿಸಿದ ಅವಲಕ್ಕಿ, ಆಮೇಲೆ ಕಲಸಿದ ಹಿಟ್ಟು. ಒಂದು ದಿನವೂ ಕೈ ಹಿಡಿದು ಅದ್ದಿಸಲಿಲ್ಲ. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಕೊನೆಯ ಹತ್ತು ನಿಮಿಷ ಆಕೆ ಹಿಂದೆ ಸರಿದು ನನ್ನನ್ನು ಮುಂದೆ ಕೂರಿಸುತ್ತಿದ್ದರು. "ಈಗ ನೀವು ಆಡ್ಸಿ, ನಾನು ನೋಡ್ತೀನಿ."

ಹಾಗಾಗಿ ಸೆಂಟರ್ ಆರಿಸುವಾಗ ಮೊದಲು ಕೇಳಬೇಕಾದ್ದು: ನಾನು ಒಳಗೆ ಕೂರಬಹುದಾ? ತಾಯಿ ಇದ್ದರೆ ಮಗು ಹಟ ಮಾಡುತ್ತದೆ ಎನ್ನುವವರಿದ್ದಾರೆ. ಕೆಲವು ಮಕ್ಕಳಿಗೆ ಒಂದೆರಡು ವಾರ ಅದು ನಿಜವೂ ಇರಬಹುದು. ಆರು ತಿಂಗಳಾದರೂ ಅದೇ ಮಾತು ಹೇಳಿದರೆ ನಾನಂತೂ ಬೇರೆ ಕಡೆ ನೋಡುತ್ತೇನೆ.

ಸರ್ಕಾರಿ ದಾರಿ

ಇದನ್ನು ಬಹಳ ಜನ ಕೊನೆಗೆ ನೋಡುತ್ತಾರೆ. ಮೊದಲು ನೋಡಿದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ತಪಾಸಣೆ ಇದೆ. ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಬೆಳವಣಿಗೆಯಲ್ಲಿ ತೊಂದರೆ ಕಂಡರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ ಕಳಿಸುತ್ತಾರೆ. ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಥೆರಪಿ ಶುರು ಮಾಡುವುದಕ್ಕೇ ಇರುವ ಕೇಂದ್ರ ಅದು. ದುಡ್ಡು ಕೊಡಬೇಕಿಲ್ಲ. ಮಕ್ಕಳ ಡಾಕ್ಟರು, ಫಿಸಿಯೋ, ಸ್ಪೀಚ್, ಮನಃಶಾಸ್ತ್ರದವರು ಒಂದೇ ಕಡೆ ಇರಬೇಕು ಎನ್ನುವುದು ಯೋಜನೆ.

'ಇರಬೇಕು' ಎಂದೆ, ಗಮನಿಸಿ. ಹುದ್ದೆ ಇರುವುದು ಬೇರೆ, ಹುದ್ದೆಯಲ್ಲಿ ಜನ ಇರುವುದು ಬೇರೆ. ಹೋಗುವ ಮೊದಲು ವಿಚಾರಿಸಿ: ಓಟಿ ಇದ್ದಾರಾ, ಯಾವ ಯಾವ ದಿನ ಬರುತ್ತಾರೆ, ಮಕ್ಕಳ ಜೊತೆ ಕೆಲಸ ಮಾಡಿದ್ದಾರಾ? ಓಟಿ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿ ವರದಿ ತೆಗೆದುಕೊಳ್ಳಲು ಇದು ಒಳ್ಳೆಯ ಜಾಗ.

ದೊಡ್ಡ ಸಂಸ್ಥೆಗಳಲ್ಲಿ ನಮ್ಮವರಿಗೆ ಗೊತ್ತಿರುವುದು ಎರಡು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತು ಮತ್ತು ಕಿವಿಗೆ ಹೆಸರುವಾಸಿ. ಮಗುವಿನ ತೊಂದರೆಯಲ್ಲಿ ಮಾತೇ ಮುಖ್ಯವಾಗಿದ್ದರೆ ಅಲ್ಲಿಂದ ಶುರು ಮಾಡಬಹುದು. ಅಲ್ಲಿನ ಪ್ರಿಸ್ಕೂಲಿನಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಇನ್ನೊಂದು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ. ಮಗುವನ್ನು ಸೇರಿಸಿಕೊಂಡರೆ ಮನೆಯವರೂ ಜೊತೆಗಿರುತ್ತಾರೆ. ದೂರದ ಊರಿನವರು ವಾರಕ್ಕೆರಡು ಸಲ ಇಲ್ಲಿಗೆ ಓಡಾಡುವುದು ಆಗದ ಮಾತು. ಪರೀಕ್ಷೆ, ಗುರಿ, ಮನೆಯಲ್ಲಿ ಮಾಡಬೇಕಾದ್ದು ಇಷ್ಟನ್ನು ಇಲ್ಲಿ ಪಡೆದುಕೊಂಡು, ದಿನನಿತ್ಯದ ಕೆಲಸ ಊರಲ್ಲೇ ಮುಂದುವರಿಸುವುದು ಜಾಣತನ. ಕಾಯುವುದು ಜಾಸ್ತಿ. ಬುತ್ತಿ, ನೀರು, ಮಗುವಿನ ಇಷ್ಟದ ಒಂದು ಆಟದ ಸಾಮಾನು ತೆಗೆದುಕೊಂಡು ಹೋಗಿ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮನೆಗೆ ಬರುವ ಥೆರಪಿಸ್ಟ್

ಇದರ ಲಾಭ ಒಂದೇ, ಆದರೆ ದೊಡ್ಡದು. ಅವರು ನಿಮ್ಮ ಮನೆಯನ್ನು ನೋಡುತ್ತಾರೆ. ನಿಮ್ಮ ಬಚ್ಚಲಿನ ನಲ್ಲಿ ಎಷ್ಟು ಎತ್ತರ, ಮಗು ಊಟಕ್ಕೆ ಎಲ್ಲಿ ಕೂರುತ್ತದೆ, ಚಪ್ಪಲಿ ಎಲ್ಲಿಡುತ್ತೀರಿ ಎಲ್ಲ ಕಣ್ಣಿಗೆ ಬೀಳುತ್ತದೆ. ಸೆಂಟರಿನ ಮೇಜಿನ ಮೇಲೆ ಗುಂಡಿ ಹಾಕಲು ಕಲಿತ ಮಗು ಮನೆಯ ಅಂಗಿಯ ಗುಂಡಿ ಹಾಕುತ್ತದೆ ಎಂದು ಹೇಳಲಾಗುವುದಿಲ್ಲ. ಇಲ್ಲಿ ಕಲಿಯುವುದೇ ಮನೆಯ ಅಂಗಿಯಲ್ಲಿ.

ಕಷ್ಟವೂ ಇದೆ. ಟಿವಿ ಓಡುತ್ತಿರುತ್ತದೆ, ಪಕ್ಕದ ಮನೆಯವರು ಇಣುಕುತ್ತಾರೆ, ತಾತ "ಒಂದೇಟು ಕೊಟ್ರೆ ಸರಿಹೋಗ್ತಾನೆ" ಎನ್ನುತ್ತಾರೆ. ಹಾಗೇ, ಓಡಾಟದ ಖರ್ಚು ಸೇರಿ ಫೀಸು ಜಾಸ್ತಿ. ಮನೆಗೆ ಬಂದವರು ನಿಜಕ್ಕೂ ಓಟಿ ಓದಿದವರೇ ಎನ್ನುವುದನ್ನು ನೀವೇ ನೋಡಿಕೊಳ್ಳಬೇಕು. ಥೆರಪಿ ನಡೆಯುವಾಗ ಮನೆಯ ದೊಡ್ಡವರೊಬ್ಬರು ಅದೇ ಕೋಣೆಯಲ್ಲಿರಲಿ. ಕಲಿಯುವುದಕ್ಕೂ ಒಳ್ಳೆಯದು, ಮಗುವಿನ ಸುರಕ್ಷತೆಗೂ ಒಳ್ಳೆಯದು.

ಆನ್‌ಲೈನ್

ಮೊಬೈಲ್ ಎದುರು ಮಗುವನ್ನು ಕೂರಿಸಿ ಥೆರಪಿ ಎಂದುಕೊಂಡರೆ ಆಗುವುದಿಲ್ಲ. ಇಲ್ಲಿ ಕಲಿಯುವವರು ನಾವು. ಥೆರಪಿಸ್ಟ್ ನೋಡುತ್ತಾರೆ, ನಾವು ಆಡಿಸುತ್ತೇವೆ, "ಸ್ವಲ್ಪ ಕಾಯಿರಿ, ಅವನೇ ಕೈ ಚಾಚಲಿ" ಎಂದು ಅವರು ಕಿವಿಯಲ್ಲಿ ಹೇಳುತ್ತಾರೆ. ಹೀಗೆ ಮಾಡುವವರು ಸಿಕ್ಕರೆ ಸಣ್ಣ ಊರಿನವರಿಗೆ ಇದು ನಿಜಕ್ಕೂ ಉಪಯೋಗ.

ಎಲ್ಲಕ್ಕೂ ಅಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಿ ಕೈಕಾಲು ಬಿಗಿಯಾಗಿರುವ ಮಗುವನ್ನು ಮುಟ್ಟಿ ನೋಡಬೇಕು, ಕೈಕಾಲಿಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟಿನ ಅಳತೆ ಎದುರಿಗೇ ಆಗಬೇಕು. ನುಂಗುವಾಗ ಕೆಮ್ಮು, ಉಸಿರುಗಟ್ಟುವುದು ಇದ್ದರೆ ಮೊದಲು ಆಸ್ಪತ್ರೆ. ಮೊದಲ ಪರೀಕ್ಷೆಯನ್ನಂತೂ ಯಾವ ಮಗುವಿಗೇ ಆಗಲಿ ಎದುರಾಎದುರು ಮಾಡಿಸುವುದು ಮೇಲು.

ಹೊರದೇಶದಲ್ಲಿರುವ ಕೆಲವರು ಇಲ್ಲಿನ ಥೆರಪಿಸ್ಟನ್ನು ಆನ್‌ಲೈನ್ ಹುಡುಕುತ್ತಾರೆ. ಕನ್ನಡದಲ್ಲಿ ಮಾತಾಡುವವರು ಬೇಕು ಎನ್ನುವುದು ನ್ಯಾಯವೇ. ಆದರೆ ಅಲ್ಲಿನ ಹಕ್ಕನ್ನು ಬಿಡಬೇಡಿ. ಅಮೆರಿಕದಲ್ಲಿ ಮೂರು ವರ್ಷ ತುಂಬುವವರೆಗೆ ಸರ್ಕಾರದ ಅರ್ಲಿ ಇಂಟರ್‌ವೆನ್ಷನ್ ಕಾರ್ಯಕ್ರಮ ಇದೆ. ಅರ್ಹ ಮಕ್ಕಳಿಗೆ ಸಾಧ್ಯವಾದಷ್ಟೂ ಮನೆಯಲ್ಲೇ ಥೆರಪಿ ಕೊಡುತ್ತಾರೆ. ಮೂರು ತುಂಬಿದ ಮೇಲೆ ಅದು 'ಸ್ಕೂಲ್ ಡಿಸ್ಟ್ರಿಕ್ಟ್', ಅಂದರೆ ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವವರ ಜವಾಬ್ದಾರಿ. ಮನೆಯ ಭಾಷೆ ಕನ್ನಡ ಎಂದು ಮೊದಲೇ ಹೇಳಿ. ಮಗುವಿಗೆ ಇಂಗ್ಲಿಷ್ ಗೊತ್ತಿಲ್ಲದ್ದನ್ನೇ ತೊಂದರೆ ಎಂದುಕೊಳ್ಳಬಾರದಲ್ಲ.

ಶಾಲೆ

ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲೋ ಬಿಆರ್‌ಸಿಯಲ್ಲೋ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕೇಳಿದರೆ ತಿಳಿಯುತ್ತದೆ. ಅವರು ಶಿಕ್ಷಕರು, ಓಟಿ ಅಲ್ಲ. ಆದರೆ ಓಟಿ ಹೇಳಿದ್ದನ್ನು ತರಗತಿಗೆ ತಲುಪಿಸಲು ಅವರಿಗಿಂತ ಸರಿಯಾದವರಿಲ್ಲ. ಬರೆಯುವಾಗ ಬೇಗ ಕೈ ಸೋಲುವ ಮಗುವಿಗೆ ಕೆಲವೊಮ್ಮೆ ಬೇಕಾಗುವುದು ಕಾಲು ನೆಲ ಮುಟ್ಟುವಷ್ಟು ಎತ್ತರದ ಬೆಂಚು, ಇಲ್ಲ ಕಾಲಡಿಗೆ ಒಂದು ಮಣೆ. ಅದಕ್ಕೆ ವರ್ಷಗಟ್ಟಲೆ ಸೆಷನ್ ಬೇಡ.

ಎಂಥ ಆಟ?

ಜಾಗಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದ್ದು ಇದಕ್ಕೆ. ನಮ್ಮಲ್ಲಿ ಎಲ್ಲಿ ಹೋದರೂ 'ಸೆನ್ಸರಿ' ಎಂಬ ಮಾತು ಕೇಳುತ್ತದೆ. ಜೀನ್ ಏರ್ಸ್ ಎಂಬ ಅಮೆರಿಕದ ಓಟಿ ಬೆಳೆಸಿದ ವಿಚಾರ ಅದು. ಮುಟ್ಟುವುದು, ತೂಗುವುದು, ಮೈಯ ಚಲನೆ ಇವುಗಳಿಂದ ಬರುವ ಅನುಭವವನ್ನು ಮೆದುಳು ಹೊಂದಿಸಿಕೊಳ್ಳಲು ಕಷ್ಟಪಡುತ್ತಿದ್ದರೆ, ಆಟದ ಮೂಲಕ ಅದನ್ನು ಸರಿದಾರಿಗೆ ತರುವುದು. ಶಬ್ದಕ್ಕೆ ಕಿವಿ ಮುಚ್ಚುವ, ಅಂಟು ಮುಟ್ಟದ, ಸುಮ್ಮನೆ ಗಿರಗಿರ ಸುತ್ತುವ ಮಕ್ಕಳಿದ್ದಾರೆ, ಅದು ನಿಜ. ನಮ್ಮವನೇ ಇದ್ದನಲ್ಲ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಒಂದು ಎಚ್ಚರಿಕೆ ಹೇಳಿದೆ. 'ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್' ಎನ್ನುವುದನ್ನೇ ಒಂದು ರೋಗನಿರ್ಣಯವಾಗಿ ಬರೆಯಬೇಡಿ. ಈ ಥೆರಪಿಯನ್ನು ಒಟ್ಟು ಯೋಜನೆಯ ಒಂದು ಭಾಗವಾಗಿ ಬಳಸಬಹುದು, ಆದರೆ ಇದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಆಧಾರ ಸೀಮಿತ ಎಂದು ಮನೆಯವರಿಗೆ ತಿಳಿಸಿ ಎಂದಿದೆ.

ಇನ್ನೊಂದು ಬಗೆಯದು ಗುರಿಯಿಂದ ಶುರುವಾಗುವುದು. ಲೋಟ ಎತ್ತಿ ಕುಡಿಯಬೇಕಾ? ಹಾಗಾದರೆ ಲೋಟವನ್ನೇ ಎತ್ತುವ ಆಟ, ಮತ್ತೆ ಮತ್ತೆ, ನಿಜವಾದ ಲೋಟದಲ್ಲಿ. ಮಕ್ಕಳ ಓಟಿಯ ಬಗ್ಗೆ ಬಂದ ಸಂಶೋಧನೆಗಳನ್ನೆಲ್ಲ ಒಟ್ಟಿಗಿಟ್ಟು 2019ರಲ್ಲಿ ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಇಂಗ್ರಿಡ್ ಹೋನನ್ ನೋಡಿದಾಗ, ಗುರಿ ಇಟ್ಟುಕೊಂಡ ಅಭ್ಯಾಸ, ತಂದೆತಾಯಿಗೆ ಹೇಳಿಕೊಡುವುದು, ಮನೆಯಲ್ಲಿ ಮಾಡುವ ಕಾರ್ಯಕ್ರಮ ಇವು ಒಳ್ಳೆಯ ಆಧಾರವಿರುವ ಕಡೆ ನಿಂತವು.

ನಾನು ಎರಡರ ನಡುವೆ ಜಗಳ ಹಚ್ಚುತ್ತಿಲ್ಲ. ಅಕ್ಕಿಯಿಂದ ಅವಲಕ್ಕಿ, ಅವಲಕ್ಕಿಯಿಂದ ಹಿಟ್ಟಿಗೆ ಹೋದದ್ದು ಸ್ಪರ್ಶದ ಆಟವೇ. ಆದರೆ ಆ ದಾರಿಯ ಕೊನೆಯಲ್ಲಿ ತಟ್ಟೆ ಇತ್ತು. ಹತ್ತು ನಿಮಿಷ ಉಯ್ಯಾಲೆ ಯಾಕೆ ಎಂದು ಕೇಳಿದರೆ, ಇದಾದ ಮೇಲೆ ಅವನು ಐದು ನಿಮಿಷ ಕೂತು ಉಣ್ಣುತ್ತಾನೆ, ನೋಡೋಣ ಎಂದು ಹೇಳುವವರನ್ನು ನಂಬಿ. 'ಸೆನ್ಸರಿ ಇನ್‌ಪುಟ್ ಬೇಕು' ಎಂದಷ್ಟೇ ಹೇಳಿ ಸುಮ್ಮನಾದರೆ ಇನ್ನೊಮ್ಮೆ ಕೇಳಿ. ಮಗು ಶಾಂತವಾಗಲಿ ಎಂದು ಹಾಕಿಸುವ ತೂಕದ ಜಾಕೆಟ್ ಕೊಳ್ಳಿ ಎಂದರೆ ಅವಸರ ಬೇಡ.

ಮನೆಗೆ ದುಬಾರಿ ಕಿಟ್ ಬೇಕಾಗಿಲ್ಲ. ಸೆಂಟರಿನಲ್ಲಿ ನೇತಾಡುವ ಬಟ್ಟೆಯ ಉಯ್ಯಾಲೆ ನೋಡಿ ನಮ್ಮತ್ತೆ "ಇದು ಸೀರೆ ಜೋಲಿ ಅಲ್ವಾ" ಎಂದರು. ಹೌದು, ಹೆಚ್ಚುಕಡಿಮೆ ಅದೇ. ಉಪ್ಪಿನ ಮೂಟೆ, ಕುಂಟೆಬಿಲ್ಲೆ, ಲಗೋರಿ ಎಲ್ಲದರಲ್ಲೂ ಮೈ ತೂಗಿಸುವ ಕೆಲಸ ಇದೆ. ಅಳಗುಳಿಮಣೆಯಲ್ಲಿ ಒಂದೊಂದೇ ಬೀಜ ಬಿಡಬೇಕು, ಸರದಿ ಕಾಯಬೇಕು. ಆದರೆ ನನ್ನ ಮೆಚ್ಚಿನದು ಹಿತಕಿದ ಅವರೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಬೇಕು. ಕಡಿಮೆ ಒತ್ತಿದರೆ ಸಿಪ್ಪೆ ಬಿಡುವುದಿಲ್ಲ, ಜಾಸ್ತಿ ಒತ್ತಿದರೆ ಕಾಳು ಪಿಚಕ್ಕಂತ ಅಡುಗೆಮನೆಯ ಆ ತುದಿಗೆ. ಇವನು ಮೊದಲು ನಗಲು ಕಲಿತ, ಆಮೇಲೆ ಒತ್ತಲು. ಆ ಡಿಸೆಂಬರ್ ಪೂರ್ತಿ ನಮ್ಮ ಮನೆಯಲ್ಲಿ ಹಿತಕಿದವರೆ ಸಾರು. ಒಂದು ಎಚ್ಚರಿಕೆ: ಕಾಳು ಮೂಗಿಗೆ, ಬಾಯಿಗೆ ಹೋಗುವ ವಯಸ್ಸಿನ ಮಗುವಾದರೆ ಇದು ಬೇಡ, ಚಪಾತಿ ಹಿಟ್ಟು ಸಾಕು. ಮೂರ್ಛೆ ರೋಗ ಇರುವ ಮಗುವಿಗೆ ಜೋರು ತೂಗುವ, ಸುತ್ತುವ ಆಟ ಡಾಕ್ಟರನ್ನು ಕೇಳದೆ ಆಡಿಸಬೇಡಿ.

ಓದು ಮತ್ತು ದುಡ್ಡು

ಓಟಿ ಪದವಿ ಬಿಒಟಿ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಓದು ಎಂದು ನಾವು ವಿಚಾರಿಸಿದಾಗ ತಿಳಿಯಿತು. ಮುಂದೆ ಓದಿದರೆ ಎಂಒಟಿ. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಈ ಕೋರ್ಸ್ ಇದೆ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಕೇಳಬೇಕಾದ್ದು ಸ್ಪೀಚ್ ಥೆರಪಿಸ್ಟ್ ಮತ್ತು ಸ್ಪೆಷಲ್ ಎಜುಕೇಟರನ್ನು. ಓಟಿಗಳು ಅದರ ಅಡಿ ಬರುವುದಿಲ್ಲ. ಅವರನ್ನು ಪದವಿ ಯಾವುದು, ಎಲ್ಲಿ ಓದಿದಿರಿ ಎಂದು ಕೇಳಿ. ಮುಜುಗರ ಬೇಡ, ಒಳ್ಳೆಯವರು ಖುಷಿಯಾಗಿ ಹೇಳುತ್ತಾರೆ. ಪರೀಕ್ಷೆ ಮಾಡಿದವರು ಒಬ್ಬರು, ದಿನಾ ಆಡಿಸುವವರು ಮೂರು ತಿಂಗಳ ಸರ್ಟಿಫಿಕೇಟಿನ ಇನ್ನೊಬ್ಬರು ಎಂದಾಗಬಾರದು.

ಖರ್ಚಿನ ಲೆಕ್ಕಕ್ಕೆ ಆಟೋ ಬಾಡಿಗೆಯನ್ನೂ, ಕಳೆದುಕೊಳ್ಳುವ ಅರ್ಧ ದಿನದ ಕೂಲಿ ಅಥವಾ ರಜೆಯನ್ನೂ ಸೇರಿಸಿ. ಆಗ ದೂರದ ಉಚಿತ ಜಾಗಕ್ಕಿಂತ ಹತ್ತಿರದ್ದೇ ಅಗ್ಗವಾಗಬಹುದು, ಉಲ್ಟಾನೂ ಆಗಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚಿಗೂ ಒಂದು ಪಾಲು ಸಿಗುತ್ತದೆ. ಬಿಲ್ಲುಗಳನ್ನು ಜೋಪಾನ ಮಾಡಿ. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಲು ಗೊತ್ತಾಗದಿದ್ದರೆ ಅಂಗವಿಕಲರಿಗೆ ನೆರವಾಗಲೆಂದೇ ಇರುವ ಪುನರ್ವಸತಿ ಕಾರ್ಯಕರ್ತರನ್ನು, ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅವರನ್ನು ಹಿಡಿಯಿರಿ.

ನನ್ನನ್ನು ಕೇಳಿದರೆ

ಮಗು ಮೂರು ವರ್ಷದ ಒಳಗಿದ್ದು ಇನ್ನೂ ಏನೆಂದು ಗೊತ್ತಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲೋ ದೊಡ್ಡ ಸಂಸ್ಥೆಯಲ್ಲೋ ಪರೀಕ್ಷೆ, ಜೊತೆಗೆ ಮನೆಯಲ್ಲಿ ಆಟ. ಚೀಟಿ ಸಿಗುವವರೆಗೆ ಕಾಯುತ್ತಾ ಕೂರಬೇಡಿ, ಆಟಕ್ಕೆ ಅಪಾಯಿಂಟ್‌ಮೆಂಟ್ ಬೇಕಿಲ್ಲ. ಕೈಕಾಲು ಬಿಗಿ ಇರುವ ಮಗುವಿಗೆ ಓಟಿ, ಫಿಸಿಯೋ ಇಬ್ಬರೂ ಮಾತಾಡಿಕೊಳ್ಳುವ ಜಾಗ. ಊಟ, ಬಟ್ಟೆ, ಶೌಚದ್ದೇ ತೊಂದರೆಯಾದರೆ ತಿಂಗಳಿಗೆ ಎರಡು ಸಲವಾದರೂ ಸರಿ, ಮನೆಗೆ ಬರುವವರು. ಬೇರೆ ಮಕ್ಕಳ ಜೊತೆ ಬೆರೆಯುವುದೇ ಕಷ್ಟವಾದರೆ ಗುಂಪಿನಲ್ಲಿ ಆಡಿಸುವ ಸೆಂಟರ್.

ಯಾವುದನ್ನೇ ಆರಿಸಿ, ಕ್ಯಾಲೆಂಡರಿನ ಹಿಂದೆ ಮೂರು ಸಾಲು ಬರೆದು ಥೆರಪಿಸ್ಟಿಗೂ ತೋರಿಸಿ. ನಾವು ಬರೆದದ್ದು ಇದು: 'ಮೊಸರನ್ನ ಐದು ತುತ್ತು ಕೈಯಿಂದ. ಚಡ್ಡಿ ತಾನೇ ಎಳೆದುಕೊಳ್ಳುವುದು. ಅಕ್ಕನ ಜೊತೆ ಎರಡು ನಿಮಿಷ ಚೆಂಡಾಟ.' ಮೂರು ತಿಂಗಳಿಗೆ ತಿರುಗಿಸಿ ನೋಡಿದಾಗ ಚಡ್ಡಿಯ ಸಾಲು ಹೊಡೆದುಹಾಕಿದೆವು. ಮೊಸರನ್ನಕ್ಕೆ ಇನ್ನೂ ಐದು ತಿಂಗಳು ಬೇಕಾಯಿತು. ಮೂರೂ ಸಾಲು ಹಾಗೇ ಇದ್ದರೆ ಮೊದಲು ಗುರಿ ಸಣ್ಣದು ಮಾಡಿ ನೋಡಿ. ಆಮೇಲೂ ಹಾಗೇ ಇದ್ದರೆ ಜಾಗ ಬದಲಿಸಿ. ಅದಕ್ಕೇ ಹೇಳುವುದು, ಆರು ತಿಂಗಳ ಪ್ಯಾಕೇಜಿಗೆ ಡಿಸ್ಕೌಂಟ್ ಕೊಡ್ತೀವಿ ಎಂದರೂ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕಟ್ಟಬೇಡಿ. ನಮ್ಮದು ಎರಡು ತಿಂಗಳ ದುಡ್ಡು ಆ ಮೊದಲ ಸೆಂಟರಿನಲ್ಲೇ ಉಳಿಯಿತು.